ಮಲೆಯ ಮೇಲೆ ಊಟದ ಹೊತ್ತು

ನಿನ್ನೆ ಸಂಜೆ ನಮ್ಮ ಮನೆಯ ಅನ್ನ ತಳ ಹಿಡಿಯಿತು. ಜಗಲಿಯಲ್ಲಿ ಕೂತಿದ್ದ ನನಗೆ ಮೊದಲು ವಾಸನೆ ಬಂತು. ಅದರ ಹಿಂದೆಯೇ ಅಡಿಗೆಮನೆಯಿಂದ "ಎಂತ ಆಗಿಲ್ಲೆ" ಎಂಬ ನನ್ನ ಹೆಂಡತಿಯ ಪ್ರಕಟಣೆಯೂ ಬಂತು. ನಾನು ಏನೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಒಳಗಿನಿಂದ ಉತ್ತರ ಬಂದರೆ ಏನೋ ಆಗಿದೆ ಎಂದು ತಿಳಿಯಬೇಕು. ಸಂಸಾರಸ್ಥರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಲ್ಲಿಗೆಯ ವಾಸನೆ ಮೂಗಿಗೆ ಬಿದ್ದರೆ ತಮ್ಮ ಮದುವೆ ನೆನಪಾಗುತ್ತದೆ ಎನ್ನುವವರನ್ನು ನಾನು ಕಂಡಿದ್ದೇನೆ. ಅವರು ಪುಣ್ಯವಂತರು. ನನಗೆ ಮದುವೆ ನೆನಪಾಗುವುದು ಸೀದ ಅನ್ನದ ವಾಸನೆಗೆ. ಕಾಡಿಗೆ ಹೋದಾಗ ಸಂಜೆಯ ಊಟವನ್ನು ಯಾವ ಹೊತ್ತಿಗೆ ಉಣ್ಣಬೇಕು ಎಂಬ ಒಂದೇ ಒಂದು ಪ್ರಶ್ನೆಯ ಮೇಲೆ ನನ್ನ ಇಡೀ ಸಂಸಾರ ನಿಂತಿತ್ತು ಎಂದರೆ ನೀವು ನಗಬಹುದು. ನಗಿ. ಆದರೆ ಕೂತುಕೊಂಡು ನಗಿ, ಕಥೆ ಸ್ವಲ್ಪ ಉದ್ದವಿದೆ.

ಇದು ಕೊಡಗು ಬ್ರಿಟಿಷರ ಕೈಯಲ್ಲಿದ್ದ ಕಾಲದ ಮಾತು. ಮಡಿಕೇರಿಯಲ್ಲಿ ಕಮಿಷನರು, ಪಾಲಿಬೆಟ್ಟದಲ್ಲಿ ತೋಟದ ದೊರೆಗಳು, ದೊರೆಗಳ ಕೆಳಗೆ ನಾನು. ಅಂಥ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಬರೆಯುವುದು, ಸಂಜೆ ಆ ಹಾಜರಿಯನ್ನು ಇನ್ನೊಂದು ಕಡೆ ಚಂದವಾಗಿ ಬರೆಯುವುದು. ಇದಕ್ಕಿಂತ ಹೆಚ್ಚಿನ ಸಾಹಿತ್ಯಸೇವೆಯನ್ನು ಆ ಹುದ್ದೆ ಬೇಡುತ್ತಿರಲಿಲ್ಲ.

ಎಸ್ಟೇಟಿನಲ್ಲಿ ಸೂರ್ಯನಿಗೆ ಕೆಲಸವಿರಲಿಲ್ಲ. ಆಫೀಸಿನ ಮುಂದಿನ ಹಲಸಿನ ಕೊಂಬೆಗೆ ಒಂದು ಕಬ್ಬಿಣದ ತುಂಡು ತೂಗುಹಾಕಿದ್ದರು. ಅದನ್ನು ಬಡಿದರೆ ಲೈನ್‌ಮನೆಗಳ ಆಳುಗಳು ಏಳಬೇಕು, ಬಡಿದರೆ ತೋಟಕ್ಕೆ ಇಳಿಯಬೇಕು, ಬಡಿದರೆ ಗಂಜಿ ಕುಡಿಯಬೇಕು, ಬಡಿದರೆ ಮನೆಗೆ ಹೋಗಬೇಕು. ಕೆಲವು ವರ್ಷ ಹೀಗೆ ಕಳೆದ ಮೇಲೆ ಆ ಶಬ್ದ ಕೇಳಿದರೆ ಮಾತ್ರ ನನಗೆ ಹಸಿವಾಗುತ್ತಿತ್ತು. ಭಾನುವಾರ ಬಡಿಯದಿದ್ದರೆ ಮಧ್ಯಾಹ್ನ ಕಳೆದರೂ ಏನೋ ಮರೆತಂತೆ ಓಡಾಡುತ್ತಿದ್ದೆ. ನನ್ನ ಹೊಟ್ಟೆಯೂ ಸಾಮ್ರಾಜ್ಯಕ್ಕೆ ಸೇರಿಹೋಗಿತ್ತು.

ದೊರೆಯ ಊಟ ರಾತ್ರಿ ಎಂಟಕ್ಕೆ. ಬಂಗಲೆಯಲ್ಲಾದರೂ ಅಷ್ಟೆ, ಕಾಡಿನಲ್ಲಾದರೂ ಅಷ್ಟೆ. ಒಮ್ಮೆ ಅವರು ಮೀನು ಹಿಡಿಯಲು ಹೊಳೆಯ ದಡದಲ್ಲಿ ಡೇರೆ ಹಾಕಿದಾಗ ಸಾಮಾನಿನ ಮೇಲ್ವಿಚಾರಣೆಗೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕತ್ತಲಾಯಿತು. ಸೊಳ್ಳೆಗಳು ನಮ್ಮ ಮೇಲೆ ತಮ್ಮ ಊಟ ಮುಗಿಸಿಕೊಂಡವು. ದೊರೆ ಮಾತ್ರ ಕೋಟು ತೊಟ್ಟು, ಕೊರಳಿಗೆ ಟೈ ಬಿಗಿದು, ಡೇರೆಯಲ್ಲಿ ಒಬ್ಬರೇ ಕೂತು ಎಂಟಾಗುವುದನ್ನು ಕಾಯುತ್ತಿದ್ದರು. ಊಟ ತಯಾರಾಗಿದೆ ಎಂದು ದೊರೆಗೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದರೆ ಬಟ್ಲರನೇ ದೊರೆಗೆ ಅಪ್ಪಣೆ ಕೊಟ್ಟ ಹಾಗಾಗುತ್ತದಂತೆ. ಆದ್ದರಿಂದ ಬಟ್ಲರ್ ಡೇರೆಯ ಬಾಗಿಲಲ್ಲಿ ನಿಂತು, ಮುಷ್ಟಿಯನ್ನು ಬಾಯಿಗೆ ಅಡ್ಡ ಹಿಡಿದು, ಒಂದೇ ಒಂದು ಸಲ ಮೆಲ್ಲಗೆ ಕೆಮ್ಮಿದ. ದೊರೆ ಎದ್ದರು. ನಾಗರಿಕತೆ ಎಂದರೆ ಇದೇ ಇರಬೇಕು ಎಂದುಕೊಂಡೆ. ಆ ಕೆಮ್ಮು ನನ್ನ ಮನಸ್ಸಿನಲ್ಲಿ ಭದ್ರವಾಗಿ ಕೂತುಬಿಟ್ಟಿತು.

ಇನ್ನು ಹುಡುಗಿಯ ವಿಷಯ. ಅವಳನ್ನು ನಾನು ನೋಡಿದ್ದು ಒಬ್ಬ ನೆಂಟರ ಮದುವೆಯಲ್ಲಿ. ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆ. ಪಾಯಸದ ಪಾತ್ರೆ ಹಿಡಿದು ಬಂದಳು. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದೆ. ಇದು ಮರ್ಯಾದೆಗೆ ಹಿಡಿದ ಕೈಯೋ, ನಿಜಕ್ಕೂ ಬೇಡವೆಂದು ಹಿಡಿದ ಕೈಯೋ ಎಂದು ಅವಳು ಒಂದು ಕ್ಷಣ ನೋಡಿದಳು. ಆಮೇಲೆ ಕೈಯ ಪಕ್ಕದಲ್ಲೇ ಎರಡು ಸೌಟು ಸುರಿದು, ತಿರುಗಿಯೂ ನೋಡದೆ ಮುಂದಿನ ಎಲೆಗೆ ಹೋದಳು. ನನ್ನನ್ನು ಅಷ್ಟು ಸರಿಯಾಗಿ ಓದಿದವರು ಅದುವರೆಗೆ ಯಾರೂ ಇರಲಿಲ್ಲ. ಆ ಪಾಯಸ ಮುಗಿಯುವುದರೊಳಗೆ ನನ್ನ ನಿರ್ಧಾರವೂ ಮುಗಿದಿತ್ತು.

ಅವಳ ತಂದೆ ಬೆಳ್ಯಪ್ಪ ಮಾವ. ಭಾಗಮಂಡಲದಿಂದ ಆಚೆ, ಬೆಟ್ಟದ ಬುಡದಲ್ಲಿ ಮನೆ ಮತ್ತು ಗದ್ದೆ. ಬೆಟ್ಟದ ತಲೆಯಲ್ಲಿ ಏಲಕ್ಕಿ ಮಲೆ. ನಮ್ಮ ಹಾಗೆಯೇ ಅರೆಭಾಷೆ ಮಾತಾಡುವ ಗೌಡರು. ದೂರದ ಸಂಬಂಧದ ಲೆಕ್ಕದಲ್ಲಿ ಅವರು ನನಗೆ ಮೊದಲಿಂದಲೂ ಮಾವನೇ. ಹತ್ತಿರದ ಲೆಕ್ಕದಲ್ಲಿ ಮಾವನಾಗಲು ಮಾತ್ರ ಒಪ್ಪಿರಲಿಲ್ಲ. ನಮ್ಮ ಕಡೆಯಿಂದ ಕೇಳಲು ಹೋದವರಿಗೆ ಅವರು ಹೇಳಿದ ಮಾತು ನನಗೆ ಚಾಚೂ ತಪ್ಪದೆ ಬಂದು ಮುಟ್ಟಿತು.

"ಕಬ್ಬಿಣ ಬಡ್ದ್ರೆ ಹಸಿವಾಗುವವಂಗೆ ಹೆಣ್ಣು ಕೊಡುದು ಹೆಂಗೆ? ನಾಳೆ ಆ ಕಬ್ಬಿಣ ತುಕ್ಕು ಹಿಡ್ದು ಬಿದ್ರೆ ನನ್ನ ಮಗಳು ಉಪಾಸ ಕೂರೊಕಾ?"

ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ಹೇಳಲು ನನ್ನಿಂದ ಆಗಲಿಲ್ಲ. ಇದರ ಮೇಲೆ ಸಂಪಾಜೆ ಕಡೆಯ ಇನ್ನೊಬ್ಬ ಹುಡುಗನ ಹೆಸರೂ ಓಡಾಡುತ್ತಿತ್ತು. ಮಾವನ ಮಲೆಯ ಪಕ್ಕದ ಮಲೆ ತಮ್ಮಯ್ಯಜ್ಜನದು. ಆ ಹುಡುಗ ತಮ್ಮಯ್ಯಜ್ಜನ ನೆಂಟ. ಅವನಿಗೆ ಗದ್ದೆಯಿತ್ತು, ಕೋವಿಯಿತ್ತು, ಮುಖ್ಯವಾಗಿ ಮೇಲೆ ದೊರೆ ಇರಲಿಲ್ಲ.

ಗಂಡು ಬಂದು ಹೆಣ್ಣನ್ನು ನೋಡುವುದು ಎಲ್ಲ ಕಡೆಯ ಪದ್ಧತಿ. ಆ ಮನೆಯಲ್ಲಿ ಅದಾದ ಮೇಲೆ ಮಲೆ ಗಂಡನ್ನು ನೋಡಬೇಕು. ಹಾಗೆಂದು ಯಾರೂ ಬಾಯಲ್ಲಿ ಹೇಳುವುದಿಲ್ಲ. "ಏಲಕ್ಕಿ ಕೊಯ್ಲಿಗೆ ಹೋಗ್ತುಟ್ಟು, ಬರುದಾದ್ರೆ ಬರ್ಲಿ" ಎಂದಷ್ಟೇ ಹೇಳಿ ಕಳಿಸುತ್ತಾರೆ. ಸಂಪಾಜೆಯವನು ಆಗಲೇ ಹೋಗಿ ಬಂದಿದ್ದ. ಮಲೆಗೆ ಅವನು ಹಿಡಿಸಿದ್ದನೆಂದು ಸುದ್ದಿ. ಈಗ ನನಗೂ ಕರೆ ಬಂದಿತ್ತು, ನನ್ನ ಸರದಿ. ದೊರೆಯ ಹತ್ತಿರ ಜ್ವರವೆಂದು ರಜೆ ಕೇಳಿ, ಸಿದ್ದಾಪುರದಲ್ಲಿ ಬಸ್ಸು ಹಿಡಿದು, ಬಸ್ಸು ಹೋಗದಲ್ಲಿ ನಡೆದು, ಮಾವನ ಮನೆ ಸೇರಿದೆ. ನೀರು ಕೊಡಲು ಬಂದವಳು ಚೊಂಬನ್ನು ಇಟ್ಟು ಹೋಗುವಾಗ, "ಮಲೇಲಿ ಇಂಬಳ ಜಾಸ್ತಿ ಉಟ್ಟು" ಎಂದಳು. ಇಂಬಳ ಅಂದರೆ ರಕ್ತ ಹೀರುವ ಜಿಗಣೆ. ಇದಕ್ಕಿಂತ ಮಧುರವಾದ ಮಾತನ್ನು ಅದುವರೆಗೆ ಹೆಣ್ಣೊಬ್ಬಳು ನನಗೆ ಆಡಿರಲಿಲ್ಲ.

ಮರುದಿನ ಬೆಳಕು ಹರಿಯುವಾಗ ಹೊರಟೆವು. ಮುಂದೆ ಕೋವಿ ಹಿಡಿದ ಮಾವ, ನಡುವೆ ಅಕ್ಕಿಯ ಗಂಟು ಹೊತ್ತ ನಾನು, ಹಿಂದೆ ಹುಡುಗಿಯ ಅಣ್ಣ ಕುಶಾಲಪ್ಪ. ಕುಶಾಲಪ್ಪ ನನಗಿಂತ ಸ್ವಲ್ಪ ದೊಡ್ಡವನು. ನನ್ನನ್ನು "ರೈಟ್ರೇ" ಎಂದು ಕರೆಯುತ್ತಿದ್ದ. ಆ ಗೌರವದಲ್ಲಿ ಒಂದು ಚಿಟಿಕೆ ಉಪ್ಪು ಯಾವಾಗಲೂ ಇರುತ್ತಿತ್ತು. ಏರು ಹತ್ತುವಾಗ ಅವನು ನನಗೆ ಹಿಂದಿನಿಂದ ಉಪದೇಶ ಮಾಡಿದ.

"ರೈಟ್ರೇ, ಅಪ್ಪನ ಎದುರು ಹಸಿವು ಅನ್ಬೇಡಿ. ಅಪ್ಪಂಗೆ ಹಸಿವಾಗುಟ್ಟಾ ಅಂತಾನೂ ಕೇಳ್ಬೇಡಿ. ಹಿರಿಯವ್ಕೆ ಉಣ್ಣಿ ಅಂತ ಕಿರಿಯವು ಹೇಳುವ ಹಾಂಗೆ ಇಲ್ಲೆ. ಮತ್ತೆ ಈ ಸಲ ಅಡಿಗೆ ನಿಮ್ದೇ."

"ಹಾಗಾದ್ರೆ ಊಟ ಆಗುದು ಹೇಗೆ ಮಾರಾಯ?"

"ಅದ್ನೇ ಅಪ್ಪ ನೋಡುದು."

ಊಟದ ಹೊತ್ತಿನ ಬಗ್ಗೆ ಬೆಳ್ಯಪ್ಪ ಮಾವನಿಗೆ ಒಂದು ಸಿದ್ಧಾಂತವೇ ಇತ್ತು. ದಾರಿಯಲ್ಲಿ ಒಂದು ಬಂಡೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತ ಅವರೇ ಅದನ್ನು ನನಗೆ ದಯಪಾಲಿಸಿದರು. "ಕಾಡ್‌ಲಿ ಎರಡು ಹೊತ್ತುಟ್ಟು. ಒಂದು ನಮ್ದು, ಒಂದು ಆನೆಗಳ್ದು. ನಮ್ಮ ಹೊತ್ತ್‌ಲಿ ಉಂಡು, ಪಾತ್ರೆ ತೊಳ್ದು, ತೋಡಿಂದ ಮೇಲೆ ಬಂದುಬಿಡೊಕು. ಆಮೇಲೆ ತೋಡು ಅವುಗಳ್ದು." ತೋಡೆಂದರೆ ಮಲೆಯ ನಡುವೆ ಹರಿಯುವ ಹಳ್ಳ. ಇಷ್ಟಾದರೆ ತೊಂದರೆಯಿರಲಿಲ್ಲ. ಆದರೆ ಮುಸ್ಸಂಜೆಯಲ್ಲಿ, ದೀಪ ಹಚ್ಚುವ ಹೊತ್ತಿನಲ್ಲಿ, ಬಾಯಿಗೆ ತುತ್ತು ಇಡಬಾರದು ಎಂಬ ಮನೆಯ ಕಟ್ಟಳೆಯನ್ನೂ ಅವರು ಮಲೆಯ ಮೇಲಕ್ಕೆ ಹೊತ್ತು ತಂದಿದ್ದರು. ಬೇಗ ಉಂಡರೆ ಕೊಯ್ಲಿನ ಬೆಳಕು ಹಾಳು. ತಡವಾದರೆ ಮುಸ್ಸಂಜೆ. ಮುಸ್ಸಂಜೆ ಕಳೆಯಿತೋ, ಆನೆ. ಈ ಮೂರರ ನಡುವೆ ಊಟಕ್ಕೆ ಉಳಿಯುವುದು ಬಾಗಿಲ ಸಂದಿಯಷ್ಟು ಜಾಗ. ಅದರೊಳಗೆ ತೂರಿಕೊಂಡವನೇ ಗಂಡಸು.

ಮುಸ್ಸಂಜೆಯನ್ನು ಕಂಡುಹಿಡಿಯುವುದಾದರೂ ಹೇಗೆ? ಮಲೆಯ ಮರಗಳ ಅಡಿಯಲ್ಲಿ ಮಧ್ಯಾಹ್ನವೇ ಸಂಜೆಯ ಹಾಗಿರುತ್ತದೆ. ಸಂಜೆಯಂತೂ ಸಂಜೆಯೇ ಅಲ್ಲ. ಮಾವ ತಮ್ಮ ಅಂಗೈಯನ್ನು ಬಾಗಿಲಿನ ಬೆಳಕಿಗೆ ಹಿಡಿಯುತ್ತಿದ್ದರು. ಗೆರೆ ಕಂಡರೆ ಹಗಲು, ಕಾಣದಿದ್ದರೆ ಮುಸ್ಸಂಜೆ. ಕುಶಾಲಪ್ಪ ನನ್ನ ಕಿವಿಯಲ್ಲಿ, "ಅಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ನಮ್ಮ ಮಲೇಲಿ ಮುಸ್ಸಂಜೆ ಬೇಗ ಆಗ್ತುಟ್ಟು" ಎಂದ.

ಆ ದಿನ ಏಲಕ್ಕಿ ಕೊಯ್ದೆವು. ಕೊಯ್ದೆವು ಎನ್ನುವುದು ಬಹುವಚನದ ಔದಾರ್ಯ. ಅವರಿಬ್ಬರೂ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಯಿ ಬಿಡಿಸುತ್ತಿದ್ದರು; ನಾನು ಅದೇ ಭಂಗಿಯಲ್ಲಿ ಕೂತು ಇಂಬಳ ಬಿಡಿಸುತ್ತಿದ್ದೆ. ಮಾವ ಏನೂ ಅನ್ನಲಿಲ್ಲ. ಇಂಬಳಕ್ಕೆ ಹಚ್ಚಲು ಸುಣ್ಣದ ಡಬ್ಬಿಯನ್ನು ನನ್ನ ಕಡೆ ಎಸೆದರು, ಅಷ್ಟೆ. ಹೊತ್ತು ಇಳಿಯತೊಡಗಿದಾಗ ಅಡಿಗೆ ಮಾಡಲು ನನ್ನನ್ನು ಮುಂದಾಗಿ ಗುಡಿಸಲಿಗೆ ಕಳಿಸಿದರು.

ಗುಡಿಸಲೆಂದರೆ ನಾಲ್ಕು ಕಂಬ, ಹುಲ್ಲಿನ ಮಾಡು, ನಡುವೆ ಬೆಂಕಿ, ಬೆಂಕಿಯ ಮೇಲೆ ಏಲಕ್ಕಿ ಒಣಗಿಸುವ ಬಿದಿರಿನ ಅಟ್ಟ. ಒಳಗೆ ಹೋದರೆ ಕಣ್ಣಿಗೆ ಹೊಗೆ, ಮೂಗಿಗೆ ದೇವಲೋಕ. ಅನ್ನಕ್ಕಿಟ್ಟೆ, ಹುರುಳಿ ಸಾರು ಮಾಡಿದೆ, ಕೆಂಡದ ಮೇಲೆ ಒಣಮೀನು ಸುಟ್ಟೆ. ನನ್ನನ್ನು ನಾನೇ ಹೊಗಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೊಗಳಿಲ್ಲವಾದ್ದರಿಂದ ಹೇಳುತ್ತೇನೆ, ಅನ್ನ ಹೂವಿನ ಹಾಗೆ ಅರಳಿತ್ತು. ಮಾವ ಬಂದು ಗುಡಿಸಲ ಹೊರಗೆ ಮರದ ದಿಮ್ಮಿಯ ಮೇಲೆ ಕೂತಾಗ ಇನ್ನೂ ಚೆನ್ನಾಗಿ ಬೆಳಕಿತ್ತು. ಅಂದರೆ ನಾನು ಬಾಗಿಲ ಸಂದಿಗೆ ಸರಿಯಾಗಿ ಬಂದು ನಿಂತಿದ್ದೆ. ಇನ್ನು ಉಳಿದದ್ದು ಒಂದೇ, ಊಟ ತಯಾರು ಎಂದು ಮಾವನಿಗೆ ತಿಳಿಸುವುದು. ಹೇಳುವ ಹಾಗಿಲ್ಲ, ಕೇಳುವ ಹಾಗಿಲ್ಲ.

ಆಗ ನನಗೆ ಹೊಳೆಯಿತು. ಪಾತ್ರೆಯನ್ನು ಕೆಂಡದ ಬದಿಗೆ ಬೆಚ್ಚಗಿರಲೆಂದು ಸರಿಸಿದೆ. ಬಾಗಿಲಿಗೆ ಬಂದು ನೆಟ್ಟಗೆ ನಿಂತೆ. ಮುಷ್ಟಿಯನ್ನು ಬಾಯಿಗೆ ಅಡ್ಡ ಹಿಡಿದು ಒಂದು ಸಲ ಮೆಲ್ಲಗೆ ಕೆಮ್ಮಿದೆ.

"ಥಂಡಿ" ಎಂದರು ಮಾವ, ತಿರುಗದೆ.

ಕೇಳಿಸಿತು, ಆದರೆ ಮುಟ್ಟಲಿಲ್ಲ ಎಂದುಕೊಂಡು ಸ್ವಲ್ಪ ಗಟ್ಟಿಯಾಗಿ ಕೆಮ್ಮಿದೆ.

"ಕುಶಾಲಾ, ಒಳ್ಳೆಮೆಣಸು ಉಟ್ಟಾ ನೋಡು. ಜಜ್ಜಿ ಬಿಸಿನೀರಿಗೆ ಹಾಕಿ ಕೊಡು ಇವಂಗೆ."

ಕಷಾಯ ಬಂತು. ಅನ್ನ ಕಾಯುತ್ತಿರುವಾಗ ಕಷಾಯ ಕುಡಿದು, ಖಾರಕ್ಕೆ ಗಂಟಲು ಕಚ್ಚಿ ಈ ಸಲ ನಿಜವಾಗಿಯೇ ಕೆಮ್ಮಿದೆ. ಒಂದಲ್ಲ, ಉದ್ದಕ್ಕೆ. ಕಣ್ಣಲ್ಲಿ ನೀರು ಬಂತು. ಮಾವ ಈಗ ತಿರುಗಿದರು. ಜಾತ್ರೆಯಲ್ಲಿ ಎತ್ತಿನ ಪಕ್ಕೆಲುಬು ನೋಡುವವರ ಹಾಗೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಈ ಕೆಮ್ಮು ಯಾವಾಗಿಂದ?"

"ಇದು ಕೆಮ್ಮಲ್ಲ ಮಾವ."

"ಕೆಮ್ಮಲ್ಲ? ಮತ್ತೆ ಎಂತದು?"

ನಾನು ಏನು ಹೇಳಲಿ? ಇದು ಪಾಲಿಬೆಟ್ಟದಲ್ಲಿ ಬಟ್ಲರ್ ದೊರೆಯನ್ನು ಊಟಕ್ಕೆ ಎಬ್ಬಿಸುವ ಕ್ರಮ ಎನ್ನಲೇ? ಬಟ್ಲರನಿಗೆ ಮಗಳನ್ನು ಕೊಡುವ ಮನುಷ್ಯ ಆ ಬೆಟ್ಟದ ಬುಡದಲ್ಲಿ ಇನ್ನೂ ಹುಟ್ಟಿರಲಿಲ್ಲ. ಸುಮ್ಮನೆ ನಿಂತೆ. ಸುಮ್ಮನೆ ನಿಂತದ್ದೇ ತಪ್ಪಾಯಿತು. ಆ ಕಾಲದಲ್ಲಿ ಎದೆಯ ಕಾಯಿಲೆ ಎಂದರೆ ಹೆಸರು ಹಿಡಿದು ಹೇಳುತ್ತಿರಲಿಲ್ಲ. ಯಾವ ಹುಡುಗನ ಬಗ್ಗೆ ಅದರ ಪಿಸುಮಾತು ಎದ್ದಿತೋ ಅವನ ಮದುವೆಯ ಮಾತು ಅಲ್ಲಿಗೆ ಮುಗಿಯಿತು. ಮರೆಮಾಚುವವನು ಕೂಡ ನನ್ನ ಹಾಗೆಯೇ ನಿಲ್ಲುತ್ತಿದ್ದ. ಮಾವನ ಮುಖದಲ್ಲಿ ಆ ಯೋಚನೆ ಬಂದು ಕೂತದ್ದನ್ನು ನಾನು ಕಣ್ಣಾರೆ ಕಂಡೆ.

"ನಿಮ್ಮ ಮನೇಲಿ ಯಾರಿಗಾದ್ರೂ ಎದೆ ಸೀಕು ಉಟ್ಟಾ?"

"ಯಾರಿಗೂ ಇಲ್ಲ ಮಾವ."

"ನಿನ್ನ ಅಜ್ಜ ಬೇಗ ಹೋದ ಅಲ್ವಾ?"

"ಅವರು ಹಲಸಿನ ಮರದಿಂದ ಬಿದ್ದು ಹೋದದ್ದು ಮಾವ."

ಮಾವ ಇದನ್ನು ಬಹಳ ಹೊತ್ತು ತೂಗಿ ನೋಡಿದರು. "ಬಿದ್ದದ್ದು ಎಂತಕೆ? ಕೆಮ್ಮು ಬಂದಾ?"

ಕುಶಾಲಪ್ಪ ಮುಖ ತಿರುಗಿಸಿಕೊಂಡು ಅಟ್ಟದ ಏಲಕ್ಕಿಯಲ್ಲಿ ವಿಪರೀತ ಆಸಕ್ತಿಯಿಂದ ಕೈಯಾಡಿಸತೊಡಗಿದ. ಅವನ ಹೆಗಲು ಕುಲುಕುತ್ತಿತ್ತು.

ಅಷ್ಟರಲ್ಲಿ ಒಳಗಿನಿಂದ ವಾಸನೆ ಬಂತು. ಬೆಚ್ಚಗಿರಲೆಂದು ಕೆಂಡದ ಬದಿಗೆ ಇಟ್ಟ ಅನ್ನ, ಬೇಕಾದದ್ದಕ್ಕಿಂತ ಬೆಚ್ಚಗಾಗಿತ್ತು. ವಾಸನೆ ಮೂವರ ಮೂಗಿಗೂ ಬಂತು. ಆದರೆ ಮೂವರೂ ಮರ್ಯಾದಸ್ಥರು. ಅನ್ನದ ಮಾತೆತ್ತಿದರೆ ಹಸಿವಿನ ಮಾತೆತ್ತಿದಂತೆ. ಒಂದು ತಪ್ಪಲೆ ಅನ್ನ ನಮ್ಮ ಕಣ್ಣೆದುರು ಹಾಳಾಗುತ್ತಿರಲು, ನಾವು ಮೂವರು ಗಂಡಸರು ಈ ವರ್ಷದ ಮಳೆಯ ಬಗ್ಗೆ ಮಾತಾಡಿದೆವು. ಕೊನೆಗೆ ಮಾವ ಅಂಗೈ ಚಾಚಿ ನೋಡಿದರು. ಗೆರೆ ಕಾಣಲಿಲ್ಲ. ಎದ್ದು ಒಳಗೆ ಬಂದು ಕಂಬದ ಬುಡದಲ್ಲಿ ಪುಟ್ಟ ಹಣತೆ ಹಚ್ಚಿ ಕೈಮುಗಿದರು. ಮುಸ್ಸಂಜೆಯಾಯಿತು. ಇನ್ನು ಉಣ್ಣುವ ಹಾಗಿಲ್ಲ.

ನಾನು ಎರಡು ಪರೀಕ್ಷೆಯಲ್ಲೂ ಬಿದ್ದಿದ್ದೆ. ಊಟದ ಹೊತ್ತು ತಪ್ಪಿಸಿದವನು, ಮೇಲಾಗಿ ಎದೆ ಸರಿಯಿಲ್ಲದವನು. ದೀಪದ ಬೆಳಕಿನಲ್ಲಿ ನನಗೆ ಸಂಪಾಜೆಯ ಆ ಹುಡುಗ, ಪಾಯಸದ ಎಲೆಗೆ ಅಡ್ಡ ಕೈಯನ್ನೂ ಹಿಡಿಯದೆ ಆರಾಮವಾಗಿ ಕೂತಿರುವುದು ಸ್ಪಷ್ಟವಾಗಿ ಕಾಣಿಸಿತು.

ಮಾವ ಕೆಟ್ಟವರಲ್ಲ. ಶಿಕ್ಷೆ ಕೊಡುವ ಮೊದಲು ಒಂದು ಅವಕಾಶ ಕೊಡುವವರು. "ಹೊರಗೆ ಬಂಡೆ ಮೇಲೆ ನಿಂತು ಒಂದು ಕೂಗು ಹಾಕಿ ಬಾ. ದಿನಾ ದೀಪ ಹಚ್ಚಿದ ಮೇಲೆ ಹಾಕುವ ಕ್ರಮ ಉಟ್ಟು. ಪಕ್ಕದ ಮಲೆಯವ್ಕೆ ಕೇಳೊಕು" ಎಂದರು. ಕಣ್ಣು ಮಾತ್ರ ನನ್ನ ಎದೆಯ ಮೇಲೆಯೇ ಇತ್ತು. ನನಗೆ ಅರ್ಥವಾಯಿತು. ಎದೆಯಲ್ಲಿ ಏನಿದೆ ಎಂದು ಈಗ ತೀರ್ಮಾನವಾಗಬೇಕು.

ಬಂಡೆಯ ಮೇಲೆ ಹತ್ತಿ ನಿಂತೆ. ಕೆಳಗೆ ಕಣಿವೆ ನೀಲಿಯಾಗಿತ್ತು. ಉಸಿರು ಎಳೆದುಕೊಂಡೆ. ಹಸಿವು, ಸಿಟ್ಟು, ಆಸೆ, ದೊರೆಗೆ ಹೇಳಿದ ಸುಳ್ಳು ಜ್ವರ, ಎಲ್ಲವನ್ನೂ ಸೇರಿಸಿ, ಹೊಟ್ಟೆಯ ಬುಡದಿಂದ "ಕೂ" ಎಂದು ಎತ್ತಿದೆ. ಉಸಿರು ಮುಗಿಯುವವರೆಗೆ ಬಿಡಲಿಲ್ಲ. ಸಂಶಯ ಉಳಿಯಬಾರದೆಂದು ಇನ್ನೊಂದು ಹಾಕಿದೆ. ಸಂಪಾಜೆಯವನ ನೆನಪಾಗಿ ಮತ್ತೊಂದು ಹಾಕಿದೆ. ಮರದಲ್ಲಿದ್ದ ಮಂಗಟ್ಟೆ ಹಕ್ಕಿಗಳು ರೆಕ್ಕೆ ಬಡಿದು ಎದ್ದುಹೋದವು. ಪಕ್ಕದ ಮಲೆಯಿಂದ ಅಷ್ಟೇ ಉದ್ದದ ಕೂಗು ಎದ್ದಿತು. ಅದನ್ನು ಕೇಳಿ ಅದರ ಕೆಳಗಿನ ಮಲೆಯವರು, ಅವರನ್ನು ಕೇಳಿ ಇನ್ನೂ ಕೆಳಗಿನವರು, ಹೀಗೆ ಕೂಗು ಕಣಿವೆಯಲ್ಲಿ ಇಳಿಯುತ್ತ ಹೋಯಿತು. ಜನ ನನ್ನನ್ನು ಮೆಚ್ಚಿಕೊಂಡರೆಂದು ತಿಳಿದು ನಾನು ನಾಲ್ಕನೆಯದಕ್ಕೆ ಉಸಿರು ಎಳೆಯುವಷ್ಟರಲ್ಲಿ ಕುಶಾಲಪ್ಪ ಓಡಿಬಂದು ನನ್ನ ಬಾಯಿ ಮುಚ್ಚಿದ.

"ಎಂತ ಮಾಡಿದ್ರಿ ರೈಟ್ರೇ! ಗಿಡ್ಡ ಕೂಗು ಒಂದು ಹಾಕಿದ್ರೆ ಎಲ್ಲ ಸುಖ ಅಂತ. ಉದ್ದ ಕೂಗು ಮೇಲಿಂದ ಮೇಲೆ ಹಾಕಿದ್ರೆ ಜೀವಕ್ಕೆ ಬಂದುಟ್ಟು, ಓಡಿ ಬನ್ನಿ ಅಂತ! ಕೇಳ್ದವು ಮುಂದಿನವ್ಕೆ ದಾಟಿಸುವೊ, ಹತ್ರದವು ಹೊರಟುಬಿಡುವೊ!"

ಅವನು ಹೇಳಿ ಮುಗಿಸುವುದರೊಳಗೆ ಎದುರಿನ ಇಳುಕಲಿನಲ್ಲಿ ಎರಡು ಸೂಟೆಗಳು, ಅಂದರೆ ಪಂಜುಗಳು, ಹತ್ತಿಕೊಂಡು ನಮ್ಮ ಕಡೆಗೆ ಕುಣಿಯುತ್ತ ಬರತೊಡಗಿದ್ದವು.

ಬಂದವರು ತಮ್ಮಯ್ಯಜ್ಜ ಮತ್ತು ಅವರ ತಮ್ಮ. ಆ ವಯಸ್ಸಿನಲ್ಲಿ ಆ ಇಳಿಜಾರನ್ನು ಇಳಿದು, ತೋಡು ದಾಟಿ, ಮತ್ತೆ ಏರಿ ಬಂದ ತಮ್ಮಯ್ಯಜ್ಜ ಏದುಸಿರು ಬಿಡುತ್ತ, "ಆನೆಯಾ?" ಎಂದರು.

"ಅಲ್ಲ" ಎಂದರು ಮಾವ.

"ಹಾವಾ?"

"ಅಲ್ಲ."

ತಮ್ಮಯ್ಯಜ್ಜ ಸೂಟೆಯನ್ನು ಎತ್ತಿ ಗುಡಿಸಲೊಳಗೆ ನೋಡಿದರು. ಎಲ್ಲರ ಕೈಕಾಲೂ ಇದ್ದ ಕಡೆಯೇ ಇತ್ತು. ಬೆಳಕು ನನ್ನ ಮುಖದ ಮೇಲೆ ಬಂದು ನಿಂತಿತು. "ಓಹೋ. ಪಾಲಿಬೆಟ್ಟದ ಹುಡುಗ. ಇವನಾ ಕೂಗಿದ್ದು? ಕತ್ತಲೆ ಕಂಡು ಹೆದ್ರಿಕೆ ಆತಾ ಮಗಾ? ಬೆಳ್ಯಪ್ಪ, ನಮ್ಮ ಸಂಪಾಜೆ ಹುಡುಗ ಇದ್ದಾಗ ಒಂದು ಸೊಲ್ಲಾದ್ರೂ ಕೇಳಿತ್ತಾ ಹೇಳು?"

ಹುಡುಗ ಹೆದರಿದ ಎಂದರೆ ಮಲೆಗೆ ಅವನನ್ನು ಕರೆತಂದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಎದೆ ಪರೀಕ್ಷೆಗೆ ಕೂಗಿಸಿದೆ ಎಂದರೆ ಇಡೀ ಕಣಿವೆ ನಗುತ್ತದೆ. ಮಾವ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಹೆದ್ರಿಕೆ ಎಂತಕೆ? ನಿಮ್ಮನ್ನ ಊಟಕ್ಕೆ ಕರ್ದದ್ದು. ನನ್ನ ಅಳಿಯ ಅಡಿಗೆ ಮಾಡಿಯುಟ್ಟು. ಕೂತ್ಕಣಿ."

ಅಳಿಯ! ಆ ಪದ ಗುಡಿಸಲಿನ ಹೊಗೆಯಲ್ಲಿ ಸ್ವಲ್ಪ ಹೊತ್ತು ನೇತಾಡುತ್ತಿತ್ತು. ಬಾಯಿಂದ ಹೊರಟದ್ದನ್ನು ಕೇಳಿ ಮಾವನೇ ಒಮ್ಮೆ ಹುಬ್ಬು ಏರಿಸಿದರು. ಆದರೆ ಬೆಳ್ಯಪ್ಪ ಮಾವ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಯಾರೂ ಕಂಡವರಿಲ್ಲ. ಕುಶಾಲಪ್ಪ ನನ್ನ ಪಕ್ಕೆಗೆ ತಿವಿದು, "ಭಾವ, ಒಂದು ಎಲೆ ತಕ್ಕೊಂಡು ಹಿರಿಯವ್ಕೆ ಎಡೆಗೆ ಅಂತ ಬಾಗ್ಲ ಹತ್ರ ಹಾಕಿ. ಬೈಗಿನ ಹೊತ್ತಿಗೇ ಮಾತಾಡ್ದೆ ಅದೊಂದು ಎಲೆ ಹಾಕಿದ್ರೆ ಅಪ್ಪ ತಾನೇ ಎದ್ದು ಬರ್ತಿತ್ತು" ಎಂದ. ಸಂಜೆಯಿಂದ ಅಷ್ಟು ಸಣ್ಣ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಪಾಪಿ. ಆದರೆ 'ರೈಟ್ರೇ' ಹೋಗಿ 'ಭಾವ' ಬಂದದ್ದರಿಂದ ಕ್ಷಮಿಸಿದೆ.

ಅಷ್ಟರಲ್ಲಿ ಮುಸ್ಸಂಜೆ ಕಳೆದು ಕತ್ತಲಾಗಿತ್ತು. ಎಲೆ ಹಾಕಿದೆ. ಮಾವ ಎದ್ದು ಬಂದು ಸತ್ತ ಹಿರಿಯರಿಗೆ ಎಡೆ ಇಟ್ಟರು. ಅವರು ಪಾಪ, ತಳ ಹಿಡಿದ ಅನ್ನದ ಬಗ್ಗೆ ಏನೂ ಅನ್ನಲಿಲ್ಲ. ಬದುಕಿದ್ದ ತಮ್ಮಯ್ಯಜ್ಜ ಸುಮ್ಮನಿರಬೇಕಲ್ಲ. ಎರಡನೆಯ ತುತ್ತಿಗೆ, "ಅನ್ನ ಸೀದುಟ್ಟಲ್ಲ ಬೆಳ್ಯಪ್ಪ" ಎಂದರು.

"ನಂಗೆ ಹಾಂಗೇ ಬೇಕು" ಎಂದರು ಮಾವ. "ಮಲೇಲಿ ಹೊಗೆ ವಾಸನೆ ಇಲ್ಲದ ಅನ್ನ ಎಂತಕೆ?" ಹಾಗೆ ಹೇಳಿ ಇನ್ನೊಂದು ಸಲ ಹಾಕಿಸಿಕೊಂಡರು. ಮೂರು ಜನಕ್ಕೆ ಮಾಡಿದ್ದನ್ನು ಐದು ಜನ ಉಂಡೆವು. ಹಸಿವು ಎಂಬ ಶಬ್ದವನ್ನು ಯಾರೂ ಆಡಲಿಲ್ಲ. ತಪ್ಪಲೆಯ ತಳವನ್ನು ಮಾತ್ರ ಕೆರೆದು ತೆಗೆದೆವು. ಕೈತೊಳೆಯುವಾಗ ತಮ್ಮಯ್ಯಜ್ಜ ನನ್ನ ಬೆನ್ನಿಗೆ ಒಂದು ಗುದ್ದು ಹಾಕಿ, "ಕೂಗು ಮಾತ್ರ ಜೋರುಟ್ಟು" ಎಂದರು. "ಎದೆ ಗಟ್ಟಿ ಉಟ್ಟು ಇವನ್ದು" ಎಂದು ಮಾವ ಬೆಂಕಿಗೆ ಇನ್ನೊಂದು ಕೊಳ್ಳಿ ನೂಕಿದರು. ಮುಂದಿನ ಮಾಘದಲ್ಲಿ ನಮ್ಮ ಮದುವೆಯಾಯಿತು.

ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಯಾವಾಗಲೂ 'ಅಳಿಯ' ಎಂಬಲ್ಲಿಗೆ ನಿಲ್ಲಿಸುತ್ತೇನೆ. ಅಲ್ಲಿಗೆ ಕೇಳುವವರು ನಗುತ್ತಾರೆ, ಹೆಂಡತಿಯೂ ಸೌಜನ್ಯಕ್ಕೆ ನಗುತ್ತಾಳೆ. ನಿನ್ನೆ ಸುಂಟಿಕೊಪ್ಪದ ಈ ಮನೆಯ ಜಗಲಿಯಲ್ಲಿ ಕೂತು, ಅವಳು ಸೆರಗಿನಲ್ಲಿ ಕೈ ಒರೆಸುತ್ತ ಹೊರಗೆ ಬಂದಾಗ, ಮತ್ತೊಮ್ಮೆ ಅದನ್ನೇ ಶುರುಮಾಡಿದೆ. ಈ ಸಲ ಅವಳು ನಗಲಿಲ್ಲ.

"ನಿಮ್ಮ ಕೂಗು ಮನೆಗೂ ಬಂತು" ಎಂದಳು.

"ಯಾವ ಮನೆಗೆ?"

"ನಮ್ಮ ಮನೆಗೆ. ಒಂದು ಮಲೆಯಿಂದ ಒಂದು ಮಲೆ, ಹಾಂಗೇ ದಾಟಿ ಕೆಳಗೆ ಬಂತು. ಅಂಗಳಲಿ ನಿಂತು ಕೇಳ್ದೊ. ಮೇಲೆ ಯಾರಿಗೋ ಜೀವಕ್ಕೆ ಬಂದುಟ್ಟು ಅಂತ ಗೊತ್ತಾತ್. ಯಾರಿಗೆ ಅಂತ ಗೊತ್ತಿಲ್ಲೆ. ಎಲ್ಲ ಸುಖ ಅಂತ ಆಮೇಲೆ ಒಂದು ಗಿಡ್ಡ ಕೂಗು ಹಾಕ್ತಾರೆ ಅಂತ ಕಾದೊ. ಯಾರೂ ಹಾಕಿಲ್ಲೆ."

ಐದು ಜನ ಗಂಡಸರು. ಒಬ್ಬನಿಗೂ ಹೊಳೆದಿರಲಿಲ್ಲ. ಉಣ್ಣುವ ಅವಸರದಲ್ಲಿ ಮರೆತೇಬಿಟ್ಟಿದ್ದೆವು.

"ಬೆಳಿಗ್ಗೆ ನೀವು ಮೂರು ಜನವೂ ನಗ್ತಾ ಇಳ್ದು ಬರುವವರೆಗೆ ನಮ್ಮಲ್ಲಿ ಒಲೆ ಹಚ್ಚಿಲ್ಲೆ" ಎಂದಳು. "ಅವ್ವ ದೇವರ ಎದುರು ಕೂತು ಅಪ್ಪಂಗೆ ಎಂತ ಆಗ್ದೆ ಇರ್ಲಿ ಅಂತ ಕೇಳ್ಕೊಂಡೊ. ಅಜ್ಜಿ ಅಣ್ಣಂಗೆ ಅಂತ ಕೇಳ್ಕೊಂಡೊ."

"ನೀನು?"

"ಉಳ್ದವು ಒಬ್ರೇ ಅಲ್ವಾ? ನಾ ಎಂತ ಮಾಡುದು. ನಿಮ್ಗೆ ಕೇಳ್ಕೊಂಡೆ."

ಹೇಳಿ, ದೊಡ್ಡ ವಿಷಯವೇನೂ ಅಲ್ಲವೆಂಬಂತೆ ದೀಪ ಹಚ್ಚಲು ಒಳಗೆ ಹೋದಳು. ನಾನು ಜಗಲಿಯಲ್ಲಿ ಕೂತೇ ಇದ್ದೆ. ಆ ರಾತ್ರಿ ನನ್ನ ಭವಿಷ್ಯ ಮಾವನ ಬಾಯಿಂದ ತೀರ್ಮಾನವಾಯಿತೆಂದು ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಊಟದ ಹೊತ್ತಿನ ವಿಷಯದಲ್ಲಿ ನನ್ನಷ್ಟು ತಿಳಿದವನು ಇಲ್ಲವೆಂದೂ ತಿಳಿದಿದ್ದೆ. ನಾನು ಉಂಡ ಮೇಲೆ ಅವಳು ಯಾವ ಹೊತ್ತಿಗೆ ಉಣ್ಣುತ್ತಾಳೆ ಎಂದು ಯಾರಾದರೂ ಕೇಳಿದ್ದರೆ ಉತ್ತರವಿರಲಿಲ್ಲ.

ಎದ್ದು ಅಡಿಗೆಮನೆಗೆ ಹೋದೆ. ಎರಡು ತಟ್ಟೆ ಇಟ್ಟೆ. ಅನ್ನ ಬಡಿಸುತ್ತಿದ್ದಾಗ ಅವಳು ದೇವರ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತಳು.

"ಎಂತ ಮಾಡ್ತಾ ಇದ್ದೀರಿ? ಈಗ ದೀಪ ಹಚ್ಚಿದ್ದಷ್ಟೆ. ಮುಸ್ಸಂಜೆ."

"ಹಸಿವಾಗುಟ್ಟು" ಎಂದೆ. "ನಿಂಗೂ ಆಗಿರೊಕು. ಕೂತ್ಕ."

ಅವಳು ಹಿಂದೆ ತಿರುಗಿ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿದಳು. ಆಮೇಲೆ ಬಂದು ನನ್ನ ಎದುರಿಗೆ ಕೂತಳು. ಮುಸ್ಸಂಜೆಯಲ್ಲಿ ಉಂಡರೆ ಏನಾಗುತ್ತದೆ ಎಂದು ಬೆಳ್ಯಪ್ಪ ಮಾವ ಬಿಡಿಸಿ ಹೇಳಿರಲಿಲ್ಲ. ಇದುವರೆಗೆ ಏನೂ ಆಗಿಲ್ಲ. ಅವಳು ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು, ಅಷ್ಟೆ.